ಜ್ಯಾಂಗೋ: ಕನ್ನಡದ ಫಾರ್ಮ್ಯಾಟ್ಸ್.ಪೈ ತಿದ್ದಿದರೂ ಟೆಸ್ಟ್ ಫೇಲ್ ಆಗ್ತಿದೆ

ಪ್ರಶ್ನೆ

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದ ಮೂಲ ಕೋಡನ್ನು ಕ್ಲೋನ್ (ನಕಲು) ಮಾಡಿಕೊಂಡಿದ್ದೇನೆ. ಕನ್ನಡ ಲೋಕೇಲ್‌ನಲ್ಲಿ (ಭಾಷೆಗೆ ತಕ್ಕ ಸೆಟ್ಟಿಂಗ್‌ನಲ್ಲಿ) ಅಂಕಿಗಳು ಲಕ್ಷ, ಕೋಟಿ ಲೆಕ್ಕದಲ್ಲಿ ಬರಲಿ ಅಂತ ಕಾನ್ಫ್/ಲೋಕೇಲ್/ಕೆಎನ್ ಫೋಲ್ಡರಿನ ಫಾರ್ಮ್ಯಾಟ್ಸ್.ಪೈ ಫೈಲಿಗೆ ನಂಬರ್_ಗ್ರೂಪಿಂಗ್ = (3, 2, 0) ಸೇರಿಸಿದ್ದೇನೆ. ಟೆಸ್ಟ್ಸ್/ಐ18ಎನ್ (ಭಾಷಾ ಬೆಂಬಲದ ಟೆಸ್ಟುಗಳ ಫೋಲ್ಡರ್) ಒಳಗೆ ಒಂದು ಟೆಸ್ಟೂ ಬರೆದೆ: ಕನ್ನಡಕ್ಕೆ ಓವರ್‌ರೈಡ್ ಮಾಡಿ 100000000 ಅನ್ನು ಲೋಕಲೈಸ್ ಮಾಡಿದರೆ 10,00,00,000 ಬರಬೇಕು. ಆದರೆ ಬರ್ತಿರೋದು ಬರೀ 100000000. ಜೊತೆಗೆ ರಿಕ್ವೈರ್‌ಮೆಂಟ್ಸ್ (ಟೆಸ್ಟಿಗೆ ಬೇಕಾದ ಪ್ಯಾಕೇಜುಗಳು) ಹಾಕುವಾಗ ಅವುಗಳಲ್ಲಿ ಒಂದಾದ ಪೈಲಿಬ್‌ಎಂಸಿ ಬಿಲ್ಡ್ ಆಗದೆ ನಿಂತುಬಿಡ್ತು. ಉಬುಂಟು, ಎಸ್‌ಕ್ಯೂಲೈಟ್. ಎಲ್ಲಿ ತಪ್ಪಿದೆ?

ಉತ್ತರ 1

ರನ್‌ಟೆಸ್ಟ್ಸ್.ಪೈ ಓಡಿಸಿದಾಗ ಮೇಲ್ಗಡೆ "ಟೆಸ್ಟಿಂಗ್ ಅಗೇನ್ಸ್ಟ್ ಜ್ಯಾಂಗೋ ಇನ್‌ಸ್ಟಾಲ್ಡ್ ಇನ್" ಅಂತ ಒಂದು ಸಾಲು ಬರುತ್ತೆ. ಮೊದಲು ಅದನ್ನು ಓದಿ. ಅಲ್ಲಿ ಸೈಟ್-ಪ್ಯಾಕೇಜಸ್ ಇದ್ದರೆ ನೀವು ತಿದ್ದಿದ ಫೈಲನ್ನು ಪೈಥಾನ್ ಮುಟ್ಟೇ ಇಲ್ಲ, ಹಿಂದೆ ಯಾವಾಗಲೋ ಪಿಪ್‌ನಲ್ಲಿ ಹಾಕಿದ ಪ್ರತಿಯನ್ನು ಪರೀಕ್ಷೆ ಮಾಡ್ತಿದೆ. ಹೊಸ ವರ್ಚುವಲ್ ಎನ್ವಿರಾನ್ಮೆಂಟ್ (ಪ್ಯಾಕೇಜುಗಳಿಗೆ ಪ್ರತ್ಯೇಕ ಜಾಗ) ಮಾಡಿ, ಕ್ಲೋನ್ ಒಳಗಿನ ಟೆಸ್ಟ್ಸ್ ಫೋಲ್ಡರಿಗೆ ಹೋಗಿ, ಪಿಪ್ ಇನ್‌ಸ್ಟಾಲ್‌ಗೆ ಮೈನಸ್ ಇ ಮತ್ತು ಎರಡು ಚುಕ್ಕಿ ಕೊಡಿ. ಆಗ ಆ ಸಾಲಿನಲ್ಲಿ ನಿಮ್ಮ ಕ್ಲೋನಿನ ದಾರಿಯೇ ಕಾಣಬೇಕು.

ಪೈಲಿಬ್‌ಎಂಸಿ ಸಿ ಭಾಷೆಯ ಹೆಡರ್ ಫೈಲುಗಳನ್ನು ಕೇಳುತ್ತೆ. ಆಪ್ಟ್‌ನಲ್ಲಿ ಲಿಬ್‌ಮೆಮ್‌ಕ್ಯಾಶ್ಡ್-ಡೆವ್ ಹಾಕಿದರೆ ಬಿಲ್ಡ್ ಆಗುತ್ತೆ. ನಿಮ್ಮ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ. ಇಲ್ಲದ ಪ್ಯಾಕೇಜಿಗೆ ಸಂಬಂಧಿಸಿದ ಟೆಸ್ಟುಗಳು ಸ್ಕಿಪ್ ಆಗ್ತವೆ, ಅಷ್ಟೇ.

ಪ್ರಶ್ನೆ ಕೇಳಿದವರು

ಸೈಟ್-ಪ್ಯಾಕೇಜಸ್ ಅಂತಲೇ ಇತ್ತು. ಸರಿಪಡಿಸಿದೆ, ದಾರಿ ಈಗ ಕ್ಲೋನಿನದೇ. ಆದರೂ 100000000 ಹಾಗೇ ಇದೆ.

ಉತ್ತರ 2

ಗುಂಪು ಮಾಡುವ ಅಳತೆ ಹೇಳಿದ್ದೀರಿ, ಗುಂಪು ಮಾಡು ಅಂತ ಹೇಳಿಲ್ಲ. ಅಂಕಿಗಳ ನಡುವೆ ಅಲ್ಪವಿರಾಮ ಹಾಕಿಸೋ ಸೆಟ್ಟಿಂಗ್ ಯೂಸ್_ಥೌಸಂಡ್_ಸೆಪರೇಟರ್ ಡೀಫಾಲ್ಟ್ ಆಗಿ ಫಾಲ್ಸ್. ಟೆಸ್ಟಿನಲ್ಲಿ ಸೆಲ್ಫ್.ಸೆಟ್ಟಿಂಗ್ಸ್ ಬಳಸಿ ಅದನ್ನು ಟ್ರೂ ಮಾಡಿ, ಅದರ ಒಳಗೆ ಭಾಷೆಯ ಓವರ್‌ರೈಡ್ ಇಡಿ. ಬರೆಯೋ ಜಾಗ ಫಾರ್ಮ್ಯಾಟಿಂಗ್‌ಟೆಸ್ಟ್ಸ್ ಕ್ಲಾಸ್.

ಯಾವ ಅಂಕಿ ಆರಿಸ್ತೀರಿ ಅನ್ನೋದೂ ಮುಖ್ಯ. 12345 ಹಾಕಿದರೆ ಮೂರರ ಗುಂಪಿನಲ್ಲೂ ನಮ್ಮ ಪದ್ಧತಿಯಲ್ಲೂ 12,345 ಅಂತಲೇ ಬರುತ್ತೆ, ಆ ಟೆಸ್ಟು ಏನನ್ನೂ ಸಾಬೀತು ಮಾಡಲ್ಲ. ವ್ಯತ್ಯಾಸ ಕಾಣೋದು ಆರು ಅಂಕಿಯಿಂದ: 1,23,456. ಎರಡರ ಗುಂಪು ಮುಂದೆಯೂ ಮರುಕಳಿಸುತ್ತಾ ಅಂತ ನೋಡೋಕೆ ಎಂಟು ಅಂಕಿ ಬೇಕು: 1,23,45,678. ಟ್ಯೂಪಲ್ ಕೊನೆಯ 0 ಹೇಳೋದು ಅದನ್ನೇ, ಹಿಂದಿನ ಅಳತೆಯಲ್ಲೇ ಮುಂದುವರಿ ಅಂತ. 999 ಮತ್ತು ಒಂದು ಋಣ ಸಂಖ್ಯೆಯನ್ನೂ ಸೇರಿಸಿ.

ಪಾಸ್ ಆದ ಮೇಲೆ ತಿರುಗುಮುರುಗು ಪರೀಕ್ಷೆ ಮಾಡದೆ ಬಿಡಬೇಡಿ. ಗಿಟ್ ಸ್ಟ್ಯಾಶ್ ಪುಶ್‌ಗೆ ಫಾರ್ಮ್ಯಾಟ್ಸ್.ಪೈ ಒಂದನ್ನೇ ಕೊಟ್ಟು ಪಕ್ಕಕ್ಕಿಡಿ, ಟೆಸ್ಟ್ ಮಾತ್ರ ಓಡಿಸಿ. ಫೇಲ್ ಆಗಲೇಬೇಕು. ಸ್ಟ್ಯಾಶ್ ಪಾಪ್ ಮಾಡಿ ಅದನ್ನು ವಾಪಸ್ ತಂದ ಮೇಲೆ ಪಾಸ್ ಆಗಬೇಕು. ಎರಡು ಸಲವೂ ಪಾಸ್ ಆದರೆ ಟೆಸ್ಟೇ ತಪ್ಪು.

ಒಂದೇ ಟೆಸ್ಟ್ ಓಡಿಸೋಕೆ ರನ್‌ಟೆಸ್ಟ್ಸ್.ಪೈ ಮುಂದೆ ಐ18ಎನ್.ಟೆಸ್ಟ್ಸ್.ಫಾರ್ಮ್ಯಾಟಿಂಗ್‌ಟೆಸ್ಟ್ಸ್, ಚುಕ್ಕಿ, ಟೆಸ್ಟಿನ ಹೆಸರು. ಕಳಿಸೋ ಮುಂಚೆ ಐ18ಎನ್ ಪೂರ್ತಿ ಒಮ್ಮೆ ಓಡಲಿ. ಗೆಟ್‌ಟೆಕ್ಸ್ಟ್ (ಅನುವಾದದ ಉಪಕರಣ) ಇಲ್ಲದ ಯಂತ್ರದಲ್ಲಿ ಒಂದಷ್ಟು "ಎಸ್" ಕಾಣಿಸುತ್ತವೆ, ಅವು ಸ್ಕಿಪ್ ಆದವು. ಡಾಕರ್ ಒಳಗೆ ಯೂನಿಕೋಡ್‌ಎನ್‌ಕೋಡ್‌ಎರರ್ ಬಂದರೆ ನಿಮ್ಮ ಕೋಡನ್ನು ಬೈಯಬೇಡಿ. ಲೋಕೇಲ್ಸ್ ಪ್ಯಾಕೇಜ್ ಹಾಕಿ ಯುಟಿಎಫ್-8 ಲೋಕೇಲ್ ಆರಿಸಿ.

ಉತ್ತರ 3

ಕಳಿಸೋ ದಾರಿ ಬಗ್ಗೆ. ಕನ್ನಡದ ಅನುವಾದದ ಸಾಲುಗಳು ಟ್ರಾನ್ಸಿಫೆಕ್ಸ್ ಅನ್ನೋ ಅನುವಾದ ತಾಣದ ಮೂಲಕವೇ ಹೋಗಬೇಕು, ಅನುವಾದ ಇರೋ ಪಿಒ ಫೈಲು ತಿದ್ದಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಮನವಿ) ಕಳಿಸಬೇಡಿ. ಫಾರ್ಮ್ಯಾಟ್ಸ್.ಪೈ ಮಾತ್ರ ಟ್ರಾನ್ಸಿಫೆಕ್ಸ್‌ನಲ್ಲಿ ಇರಲ್ಲ. ಅದಕ್ಕೆ ಜ್ಯಾಂಗೋದ ಟಿಕೆಟ್ ತಾಣ ಟ್ರ್ಯಾಕ್‌ನಲ್ಲಿ ಟಿಕೆಟ್ ತೆಗೆದು, ಕಾಂಪೊನೆಂಟ್ ಅನ್ನು ಟ್ರಾನ್ಸ್‌ಲೇಶನ್ಸ್ ಅಂತ ಇಟ್ಟು, ಮೇನ್ ಬ್ರ್ಯಾಂಚಿನಿಂದ ಹೊಸ ಬ್ರ್ಯಾಂಚ್ ಮಾಡಿ ಪುಲ್ ರಿಕ್ವೆಸ್ಟ್ ಕಳಿಸಿ. ಆಮೇಲೆ ಟಿಕೆಟ್‌ನಲ್ಲಿ "ಹ್ಯಾಸ್ ಪ್ಯಾಚ್" ಗುರುತು ಹಾಕಿ. ಕಮಿಟ್ ಸಂದೇಶ "ಫಿಕ್ಸ್ಡ್", ಟಿಕೆಟ್ ಸಂಖ್ಯೆ, ಎರಡು ಅಡ್ಡಗೆರೆ, ಭೂತಕಾಲದ ಒಂದು ವಾಕ್ಯ, ಪೂರ್ಣವಿರಾಮ, ಈ ಕ್ರಮದಲ್ಲಿರಲಿ.

ಟಿಕೆಟ್ ಬರೆಯುವ ಮುಂಚೆ ಯೂನಿಕೋಡಿನ ಸಿಎಲ್‌ಡಿಆರ್‌ನಲ್ಲಿ (ಅಂಕಿ, ದಿನಾಂಕ ಬರೆಯೋ ಪದ್ಧತಿಗಳ ಭಾಷಾವಾರು ದತ್ತಾಂಶ) ಕನ್ನಡದ ದಶಮಾಂಶ ವಿನ್ಯಾಸ ಹೇಗಿದೆ ಅಂತ ನೋಡಿ. ಅಲ್ಲಿ ಮೂರರ ಗುಂಪೇ ಇದ್ದರೆ ರಿವ್ಯೂನಲ್ಲಿ ಮೊದಲು ಕೇಳೋದೇ ಅದನ್ನ. ಪಠ್ಯಪುಸ್ತಕ, ದಿನಪತ್ರಿಕೆ, ಬ್ಯಾಂಕಿನ ಚೀಟಿ ಎಲ್ಲದರಲ್ಲೂ 1,00,000 ಅಂತ ಬರೆಯೋದನ್ನು ಆಧಾರವಾಗಿ ಕೊಡಿ, ಸಿಎಲ್‌ಡಿಆರ್‌ಗೂ ಬೇರೆ ಟಿಕೆಟ್ ಹಾಕಿ.

ಪ್ರಶ್ನೆ ಕೇಳಿದವರು

ಸೆಟ್ಟಿಂಗ್ ಸೇರಿಸಿದ ಮೇಲೆ 1,23,45,678 ಬಂತು. ಸ್ಟ್ಯಾಶ್ ಮಾಡಿದಾಗ ಫೇಲ್, ಪಾಪ್ ಮಾಡಿದಾಗ ಪಾಸ್. ಸಿಎಲ್‌ಡಿಆರ್ ನೋಡಿಕೊಂಡೇ ಟಿಕೆಟ್ ತೆಗೀತೀನಿ.