ಸ್ಕೂಬಾದ ‘ಬಡಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಮುಳುಗುವುದನ್ನು ಕಲಿಯುವವರ ಸುರಕ್ಷತಾ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಇಂಗ್ಲಿಷಿನ ‘ಬಡಿ’ (buddy) ಅಡ್ಡ ಬಂತು; ಜೊತೆಯಲ್ಲಿ ಮುಳುಗುವವರು ಎಂದರ್ಥ. ಹಾಗೇ ಬರೆದರೆ ಹೊಡೆ ಎಂದಾಗುತ್ತದೆ. ಒತ್ತು ಕೊಟ್ಟರೆ ಸಾಲದ ಬಡ್ಡಿ! ‘ಬಡ್ಡಿ ಬಿಟ್ಟು ನೀರಿಗಿಳಿಯಬೇಡಿ’ ಎಂದರೆ ಓದುಗರು ಏನೆಂದುಕೊಂಡಾರು?

ಪದ ಸಿಗಬೇಕಾದರೆ ನಂಟು ಎಂಥದ್ದೆಂದು ಮೊದಲು ಹೇಳಬೇಕು. ಇಳಿಯುವ ಮುಂಚೆ ಒಬ್ಬರ ಜಾಕೆಟ್, ತೂಕದ ಪಟ್ಟಿ, ಬಕಲ್, ಸಿಲಿಂಡರಿನ ಗಾಳಿ ಎಲ್ಲವನ್ನೂ ಇನ್ನೊಬ್ಬರು ಮುಟ್ಟಿ ನೋಡುತ್ತಾರೆ. ನೀರೊಳಗೆ ಬೇಗನೆ ತಲುಪುವಷ್ಟು ಹತ್ತಿರವೇ ಇರುತ್ತಾರೆ. ಗಾಳಿ ಮುಗಿದವರು ಅಂಗೈಯನ್ನು ಕತ್ತಿನ ಮುಂದೆ ಅಡ್ಡಡ್ಡ ಆಡಿಸಿದರೆ ಜೊತೆಯವರು ತಮ್ಮಲ್ಲಿರುವ ಹೆಚ್ಚಿನ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ) ಕೊಟ್ಟು, ಕೈ ಹಿಡಿದುಕೊಂಡೇ ನಿಧಾನವಾಗಿ ಮೇಲೇರುತ್ತಾರೆ. ಕಣ್ತಪ್ಪಿದರೆ ಹೆಚ್ಚೆಂದರೆ 1 ನಿಮಿಷ ಹುಡುಕಾಟ. ಆಮೇಲೆ ಇಬ್ಬರೂ ಮೇಲೆ ಬಂದು ಸೇರುವುದು ವಾಡಿಕೆ. ಇಷ್ಟಾಗಿ, ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ‘ಸ್ಕೂಬಾ’ದಲ್ಲಿ (SCUBA) ಮೊದಲನೆಯ ಅಕ್ಷರವೇ ‘ಸೆಲ್ಫ್’, ಅಂದರೆ ‘ಸ್ವಯಂ’!

‘ಸಂಗಾತಿ’ ಎಂದೊಡನೆ ಮದುವೆ ನೆನಪಾಗುತ್ತದೆ. ‘ಸಹಚರ’ನನ್ನು ಪತ್ರಿಕೆಗಳು ರೌಡಿಗಳಿಗೆ ಬಿಟ್ಟುಕೊಟ್ಟಾಗಿದೆ. ‘ಜೊತೆಗಾರ’ ಒಳ್ಳೆಯ ಪದವೇ, ಆದರೆ ಪ್ರತಿ ವಾಕ್ಯದಲ್ಲೂ ‘ಜೊತೆಗಾರ್ತಿ’ಯನ್ನು ಎಳೆದು ತರಬೇಕು. ‘ಜೋಡಿ’ಗೆ ಲಿಂಗದ ತಕರಾರಿಲ್ಲ, ‘ನನ್ನ ಜೋಡಿ ಬಾ’ ಎನ್ನುವ ಆಡುಮಾತೂ ಇದೆ. ಆದರೆ ಬರಹದಲ್ಲಿ ಅದು ಇಬ್ಬರನ್ನೂ ಸೇರಿಸಿ ಹೇಳುತ್ತದೆ. ‘ಜೋಡಿ ಕಾಣದಿದ್ದರೆ’ ಎಂದು ಬರೆದರೆ ಕಾಣದವರು ಒಬ್ಬರೋ ಇಬ್ಬರೋ?

ನನ್ನ ಮನಸ್ಸು ಜೊತೆ, ಸಾಟಿ ಎಂಬರ್ಥದ ಹಳೆಯ ‘ಎಣೆ’ಯ ಕಡೆ ವಾಲಿದೆ. ‘ಎಣೆಯಿಲ್ಲದ’ದಲ್ಲಿ ಅದಿನ್ನೂ ಉಸಿರಾಡುತ್ತಿದೆ. ಗಂಡಿಗೂ ಹೆಣ್ಣಿಗೂ ಒಂದೇ, ‘ಎಣೆ ತಪಾಸಣೆ’ ಎಂದು ಸಮಾಸವೂ ಆಗುತ್ತದೆ. ಒಂದೇ ಅಳುಕು: ಚಕ್ರವಾಕ ಹಕ್ಕಿಗೆ ‘ಎಣೆವಕ್ಕಿ’ ಎಂಬ ಹೆಸರಿದೆ, ಕವಿಗಳ ಪಾಲಿಗೆ ಅದು ಇರುಳಾದರೆ ಅಗಲುವ ಜೋಡಿ. ರಾತ್ರಿ ಮುಳುಗುವವರಿಗೆ ಇದೇ ಪದ ಕೊಡುವುದೇ?

‘ಡೈವರ್’ ಕೂಡ ಬಗೆಹರಿದಿಲ್ಲ. ‘ಮುಳುಗುತಜ್ಞ’ ಎನ್ನೋಣವೆಂದರೆ ಇವರಿನ್ನೂ ಕಲಿಯುತ್ತಿರುವವರು. ‘ಮುಳುಗಿದವರು’ ಎಂದರಂತೂ ಕಥೆಯೇ ಮುಗಿಯಿತು. ಸುಲಭವಾಗಿ ಒದಗಿದ್ದು ‘ಓಕೆ’ಗೆ ‘ಸರಿ’ ಒಂದೇ. ನೀರೊಳಗಿನ ಕೈಸನ್ನೆಯಲ್ಲಿ ಹೆಬ್ಬೆರಳು, ತೋರುಬೆರಳು ಕೂಡಿಸಿದ ಉಂಗುರ ‘ಸರಿಯಾ?’ಗೂ ಅದೇ, ‘ಸರಿ’ಗೂ ಅದೇ. ಬರೀ ಹೆಬ್ಬೆರಳೆತ್ತಿದರೆ ಮಾತ್ರ ‘ಮೇಲೆ ಹೋಗೋಣ’ ಎಂದರ್ಥ.

‘ಎಣೆ’ ಎಂದರೆ ಕಲಿಯಲು ಬಂದ ಇಪ್ಪತ್ತರ ಹುಡುಗಿಗೆ ವಿವರಣೆಯಿಲ್ಲದೆ ತಿಳಿಯುತ್ತದೆಯೇ? ನಿಮ್ಮ ಕಡೆಯ ಮಾತಿನಲ್ಲಿ ಬೇರೆ ಪದವಿದ್ದರೆ ತಿಳಿಸಿ.