ಐಸಿಯುನಲ್ಲಿ ಒಂದೇ ಗ್ಲೌಸ್, ಎರಡು ಹಾಸಿಗೆ: ಕೇಳಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪ ಇಲ್ಲೇ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ಗಾಯದಲ್ಲಿ ಎಂಆರ್‌ಎಸ್‌ಎ ಇದೆಯಂತೆ. ಒಳಗೆ ಹೋಗಲು ಗೌನ್ ಹಾಕಿಕೊಳ್ಳಿ ಅಂತಾರೆ. ಆದರೆ ಬಾಗಿಲ ಹತ್ತಿರ ಮೊಳೆಗೆ ಒಂದೇ ಗೌನ್ ತೂಗುಹಾಕಿದ್ದಾರೆ, ಬಂದವರೆಲ್ಲ ಅದನ್ನೇ ಹಾಕಿಕೊಳ್ಳಬೇಕು. ನಿನ್ನೆ ಸಿಸ್ಟರ್ ಅಪ್ಪನ ಡ್ರೆಸ್ಸಿಂಗ್ ಬಿಚ್ಚಿದರು. ಅದೇ ಗ್ಲೌಸ್‌ನಲ್ಲಿ ಫೋನ್ ಎತ್ತಿದರು, ಪಕ್ಕದ ಹಾಸಿಗೆಯವರ ಡ್ರಿಪ್ ಸರಿ ಮಾಡಿದರು. ಕೇಳಿದರೆ ತಪ್ಪಾಗುತ್ತಾ?

ಉತ್ತರ (ಇನ್ಫೆಕ್ಷನ್ ಕಂಟ್ರೋಲ್ ನರ್ಸ್): ಖಂಡಿತ ಕೇಳಿ. ಎಂಆರ್‌ಎಸ್‌ಎ ಅಂದರೆ ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ. ಹರಡುವುದು ಹೆಚ್ಚಾಗಿ ಮುಟ್ಟುವುದರಿಂದ. ಬದಲಾಯಿಸದ ಗ್ಲೌಸ್ ಬಿಎಂಟಿಸಿ ಬಸ್ಸಿನ ಕಂಬಿ ಇದ್ದ ಹಾಗೆ, ಎಲ್ಲರದೂ ಅದಕ್ಕೆ ಅಂಟಿರುತ್ತದೆ. ಹಾಕಿಕೊಂಡವರಿಗೆ ಮಾತ್ರ ಕೈ ಕ್ಲೀನಾಗಿದೆ ಅನ್ನಿಸುತ್ತದೆ, ತೊಂದರೆ ಇರುವುದೇ ಅಲ್ಲಿ. ಅಂದಹಾಗೆ, 1890ರ ಆಸುಪಾಸಿನಲ್ಲಿ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ರಬ್ಬರ್ ಗ್ಲೌಸ್ ಮಾಡಿಸಿದ್ದು ರೋಗಿಗಾಗಿ ಅಲ್ಲ. ಔಷಧಿಯ ನೀರಿಗೆ ಒಬ್ಬ ನರ್ಸ್‌ನ ಕೈ ಚರ್ಮ ಕೆಡುತ್ತಿತ್ತು, ಅದಕ್ಕೆ!

ಪ್ರತಿ ರೋಗಿಗೂ ಹೊಸ ಗ್ಲೌಸ್ ಬೇಕು. ಒಬ್ಬರದೇ ಗಾಯ ಮುಟ್ಟಿ ಆಮೇಲೆ ಡ್ರಿಪ್ ಮುಟ್ಟುವುದಾದರೂ ಬದಲಾಯಿಸಬೇಕು. ತೆಗೆದ ಮೇಲೆ ಕೈ ತೊಳೆಯಲೇಬೇಕು. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ತೆಗೆಯುವಾಗಲೂ ಕೈಗೆ ಅಂಟುತ್ತದೆ. ಹ್ಯಾಂಡ್‌ರಬ್ (ಕೈಗೆ ಉಜ್ಜುವ ಸ್ಯಾನಿಟೈಸರ್) ಆದರೆ 20–30 ಸೆಕೆಂಡ್, ಸೋಪು ನೀರಾದರೆ 40–60 ಸೆಕೆಂಡ್.

ಆ ಮೊಳೆಯ ಗೌನ್ ಇದೆಯಲ್ಲ, ಅದು ನನಗೆ ಇನ್ನೂ ಜಾಸ್ತಿ ಕಿರಿಕಿರಿ. ನಿಮ್ಮ ಗೌನಿನ ಹೊರಭಾಗ ಮುಂದಿನವರ ಅಂಗಿಗೆ ತಾಗುತ್ತದೆ. ಸುಮ್ನೆ ನಾಟಕಕ್ಕೆ ಹಾಕಿದಂತಾಯಿತು. ಬೇರೆ ಗೌನ್ ಕೇಳಿ. ಹೊರಡುವಾಗ ಮೊದಲು ಗ್ಲೌಸ್, ಆಮೇಲೆ ಗೌನ್ ಒಳಮಗ್ಗುಲು ಹೊರಗೆ ಬರುವಂತೆ ಸುತ್ತಿ ತೆಗೆಯಿರಿ, ಕೊನೆಗೆ ಕೈ ತೊಳೆಯಿರಿ.

ಕೇಳುವಾಗ ಜಗಳದ ದನಿ ಬೇಡ. "ಸಿಸ್ಟರ್, ಅಪ್ಪನ್ನ ಮುಟ್ಟೋ ಮುಂಚೆ ಗ್ಲೌಸ್ ಬದಲಾಯಿಸ್ತೀರಾ?" ಅಷ್ಟು ಸಾಕು. ರಾತ್ರಿ ಪಾಳಿಯಲ್ಲಿ ಆರು ಜನರನ್ನು ಒಬ್ಬರೇ ನೋಡುವಾಗ ನನ್ನ ಕೈಯಲ್ಲೂ ಹಿಂದೆ ಮರೆತಿದ್ದಿದೆ. ಆದರೂ ಬದಲಾಗದಿದ್ದರೆ ನರ್ಸಿಂಗ್ ಇನ್‌ಚಾರ್ಜ್‌ಗೆ ಹೇಳಿ.

ಇನ್ನೊಬ್ಬ ಸದಸ್ಯರು: ಮನೆಗೆ ಬಂದ ಮೇಲೂ ಗೌನ್ ಬೇಕಾ ಮೇಡಂ?

ಉತ್ತರ: ಸಾಮಾನ್ಯವಾಗಿ ಬೇಡ. ಗಾಯಕ್ಕೆ ಕೈ ಹಾಕುವಾಗ ಮಾತ್ರ ಗ್ಲೌಸ್, ಆಮೇಲೆ ಸೋಪು. ಟವೆಲ್, ರೇಜರ್ ಬೇರೆ ಇಡಿ. ತಟ್ಟೆ ಲೋಟ ಎಂದಿನಂತೆ ತೊಳೆದರೆ ಆಯಿತು, ಅಪ್ಪನನ್ನು ಮೂಲೆಗೆ ಕೂರಿಸಬೇಡಿ.

ಪ್ರಶ್ನೆ ಕೇಳಿದವರು: ಇವತ್ತು ಕೇಳಿದೆ ಮೇಡಂ. ಸಿಸ್ಟರ್ "ಅಯ್ಯೋ, ಹೌದಲ್ಲ" ಅಂದು ಬದಲಾಯಿಸಿದರು. ಗೌನ್ ಮಾತ್ರ ಇನ್ನೂ ಮೊಳೆಯಲ್ಲೇ ಇದೆ. ನಾಳೆ ಇನ್‌ಚಾರ್ಜ್ ಹತ್ತಿರ ಹೋಗ್ತೀನಿ.