‘ಸೆಕ್ಸಿಸಂ’ಗೆ ಕನ್ನಡದಲ್ಲಿ ಏನನ್ನೋಣ? ‘ಲೈಂಗಿಕ’ ಅಂತೂ ಬೇಡ

ಗೆಳೆಯರೇ,

ಹೆಣ್ಣು ಅಥವಾ ಗಂಡು ಅನ್ನುವ ಕಾರಣಕ್ಕೇ ಒಬ್ಬರನ್ನು ಕೀಳಾಗಿ ಕಾಣುವುದಕ್ಕೆ ಇಂಗ್ಲಿಷಿನಲ್ಲಿ ‘ಸೆಕ್ಸಿಸಂ’ ಅನ್ನುತ್ತಾರೆ. ಧಾರವಾಡದಲ್ಲಿ ಪ್ರೂಫ್ ತಿದ್ದುವುದು ನನ್ನ ಕೆಲಸ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಹೊತ್ತಿಗೆ ಬಂದ ಒಂದು ಕರಪತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ. ‘ನಮ್ಮ ಮಹಿಳಾ ಅಭ್ಯರ್ಥಿಗೆ ಎದುರಾಳಿಯಿಂದ ಲೈಂಗಿಕ ನಿಂದನೆ’ ಅಂತ ದಪ್ಪ ಅಕ್ಷರದಲ್ಲಿತ್ತು. ಎದೆ ಧಸಕ್ಕೆಂದಿತು. ತಂದಿದ್ದ ಕಾಲೇಜು ಹುಡುಗನನ್ನು ಕೇಳಿದೆ, ಆ ಎದುರಾಳಿ ಅಂದದ್ದಾದರೂ ಏನು?

‘ಕೆರಿ ಹೂಳು ತೆಗಸಿದ್ದರ ಲೆಕ್ಕಾ ಕೊಡ್ರಿ ಅಂದಾನ್ರಿ. ಹೆಣ್ಣಮಗಳಿಗೆ ನಾಕ ಮಂದಿ ಮುಂದ ಹಂಗ ಕೇಳೂದು ಸೆಕ್ಸಿಸಂ ಅಲ್ಲೇನ್ರಿ?’

ಆಕೆ ಹಿಂದಿನ ಸಲ ಸದಸ್ಯೆಯಾಗಿದ್ದವರು. ಲೆಕ್ಕ ಕೇಳಿದ್ದರಲ್ಲಿ ತಪ್ಪೇನಿದೆ? ನಾನು ಆ ಸಾಲು ಹೊಡೆದು ಹಾಕಿದೆ. ಅವರು ಬೇರೆ ಕಡೆ ಅಚ್ಚು ಹಾಕಿಸಿದರು. ಲೆಕ್ಕ ಕೇಳಿದವನು ಏನು ಮಾಡಿದ್ದಾನೆಂದು ಊರು ತಿಳಿದಿರಬೇಕು ಹೇಳಿ.

ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ‘ಸೆಕ್ಸಿಸಂ’ ಹಳೆಯ ಪದವಲ್ಲ. 1960ರ ದಶಕದಲ್ಲಿ ‘ರೇಸಿಸಂ’ (ಜನಾಂಗಭೇದ) ಮಾದರಿಯಲ್ಲಿ ಕಟ್ಟಿದ್ದು. ಅದರೊಳಗಿನ ‘ಸೆಕ್ಸ್’ ಅಂದರೆ ಹೆಣ್ಣು-ಗಂಡು ಎಂಬ ಗುರುತು ಅಷ್ಟೇ. ಕನ್ನಡದ ‘ಲೈಂಗಿಕ’ ಹಾಗಲ್ಲ, ಕೇಳಿದ ತಕ್ಷಣ ಮೈಮುಟ್ಟಿದ ಸಂಗತಿ ನೆನಪಾಗುತ್ತದೆ. ‘ಲಿಂಗಭೇದ’ ವಾಸಿ. ಆದರೆ ನಮ್ಮ ಕಡೆ ಲಿಂಗ ಅಂದರೆ ಮೊದಲು ಕೊರಳಲ್ಲಿನ ಲಿಂಗ, ಆಮೇಲೆ ಶಾಲೆಯ ಪುಲ್ಲಿಂಗ, ಸ್ತ್ರೀಲಿಂಗ. ಸಂತೆಯಲ್ಲಿ ನಿಂತು ಹೇಳಿದರೆ ಯಾರಿಗೂ ತಟ್ಟುವುದಿಲ್ಲ.

ಪದ ಸರಿಯಿದ್ದ ಕಡೆಯೂ ಆರೋಪ ಹಾದಿ ತಪ್ಪುತ್ತದೆ, ನಿಜ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಒಬಾಮಾ ತಮ್ಮ ಎದುರಾಳಿ ಮೆಕೇನ್ ಅವರ ನೀತಿಗಳ ಬಗ್ಗೆ ಮಾತಾಡುತ್ತಾ ‘ಹಂದಿಗೆ ಲಿಪ್‌ಸ್ಟಿಕ್ ಹಚ್ಚಿದರೂ ಅದು ಹಂದಿಯೇ’ ಅಂದರು. ನಮ್ಮ ‘ಮೇಲೆ ಥಳಕು, ಒಳಗೆ ಹುಳುಕು’ ಇದ್ದ ಹಾಗೆ ಅಲ್ಲಿಯ ಬಳಕೆಯ ಮಾತು. ಮೆಕೇನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಕೆಲವೇ ದಿನ ಮುಂಚೆ ತಮ್ಮ ಬಗ್ಗೆಯೇ ಲಿಪ್‌ಸ್ಟಿಕ್ ಮಾತಾಡಿದ್ದರು. ಹಾಗಾಗಿ ಇದು ಅವರಿಗೇ ಅಂದದ್ದು, ಕ್ಷಮೆ ಕೇಳಿ ಅಂತ ಮೆಕೇನ್ ಬಣ ಗದ್ದಲ ಎಬ್ಬಿಸಿತು. ಇದೇ ಗಾದೆಯನ್ನು ಮೆಕೇನ್ ಮುಂಚೆ ಹಿಲರಿ ಕ್ಲಿಂಟನ್ ಅವರ ಆರೋಗ್ಯ ಯೋಜನೆಗೆ ಬಳಸಿದ್ದರು.

ಹಾಗಂತ ಹೆಣ್ಣಿಗೆ ಅವಮಾನವೇ ಆಗುವುದಿಲ್ಲ ಅಂತಲ್ಲ. ಅದೇ ಕರಪತ್ರದ ಬಣದ ಸಭೆಗೆ ಹೋಗಿದ್ದೆ. ಹಿರಿಯರೊಬ್ಬರು ಮೈಕ್ ಹಿಡಿದು ‘ನಾವೇನ ಬಳಿ ತೊಟ್ಕೊಂಡ ಕುಂತಿಲ್ಲ’ ಅಂದರು. ಅಭ್ಯರ್ಥಿ ಪಕ್ಕದ ಕುರ್ಚಿಯಲ್ಲೇ ಇದ್ದರು, ಎರಡೂ ಕೈತುಂಬ ಹಸಿರು ಬಳೆ. ಜನ ಚಪ್ಪಾಳೆ ತಟ್ಟಿದರು. ಆಕೆ ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಇದಕ್ಕೆ ಯಾರೂ ಕರಪತ್ರ ಹಾಕಿಸಲಿಲ್ಲ. ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದ್ದು, ಬಳೆ ತೊಟ್ಟ ಕೈಗಳೇ ಠರಾವಿಗೆ ಸಹಿ ಹಾಕುತ್ತವೆ. ಆದರೂ ಈ ಮಾತು ಹೋಗಿಲ್ಲ.

ನಾನು ಈಗ ‘ಹೆಣ್ಣು ಹೀಗಳಿಕೆ’ ಅಂತ ಬರೆಯುತ್ತಿದ್ದೇನೆ. ಬಳೆಯ ಮಾತಿಗೆ ಇದು ಒಪ್ಪುತ್ತದೆ, ಲೆಕ್ಕದ ಪ್ರಶ್ನೆಗೆ ಅಂಟಿಸಲು ಹೋದರೆ ಅಂಟುವುದಿಲ್ಲ. ಗಂಡಸರನ್ನು ಹೀಗೆ ಹಳಿದಾಗ ಈ ಪದ ಸಾಲದು, ಗೊತ್ತು. ಅದಕ್ಕೆ ಬೇರೆ ಬೇಕು.

ಸುಳ್ಳು ಆರೋಪ ಹೊರಿಸುವುದಕ್ಕೂ ಒಂದು ಮಾತು ಬೇಕು. ‘ಸೆರಗು ಅಡ್ಡ ಹಿಡಿಯೂದು’ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ, ತಪ್ಪೆಲ್ಲ ಆಕೆಯದೇ ಅನ್ನುವ ಹಾಗಿದೆ. ಆ ಕರಪತ್ರ ಬರೆಸಿದವರು ಗಂಡಸರು, ಆಕೆಗೆ ತೋರಿಸಿಯೂ ಇರಲಿಲ್ಲ. ಅದಕ್ಕೇ ‘ಹೆಣ್ಣನ್ನ ಅಡ್ಡ ಹಿಡಿಯೂದು’ ಅನ್ನುವುದು ನನಗೆ ಸರಿ ಕಾಣುತ್ತದೆ. ಯಾರು ಹಿಡಿದರು ಅನ್ನುವ ಪ್ರಶ್ನೆ ಆ ಮಾತಿನಲ್ಲೇ ಇದೆ, ಅಲ್ವಾ?

ಗದಗ, ಹಾವೇರಿ ಕಡೆಯವರು ಇದಕ್ಕೆ ಏನನ್ನುತ್ತೀರಿ? ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ತಿಳಿಸಿದರೆ ಇನ್ನೂ ಒಳ್ಳೆಯದು.